ಮಣ್ಣಿಲ್ಲದ ಮಣ್ಣಿನ ಪಾರಿವಾಳ

2004ನೇ ಇಸವಿ, ಆಗಸ್ಟ್ ತಿಂಗಳು. ಸ್ವಾತಂತ್ರ್ಯ ದಿನ ಮುಗಿದು ಎರಡು ದಿನ ಆಗಿತ್ತು. ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಸೇನೆಯ ಮೇಜರ್ ರಾಜ್ಯವರ್ಧನ್ ಸಿಂಗ್ ರಾಠೋಡ್ ಬಂದೂಕಿನ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದುಕೊಟ್ಟ ಮೊದಲ ಬೆಳ್ಳಿ ಅದು. 200 ಗುರಿಗಳಲ್ಲಿ 179 ಹೊಡೆದಿದ್ದರು. ಮರುದಿನ ಅಕ್ಕಲಕೋಟ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ನಾನು ಪೇಪರ್ ಓದಿ ಹೇಳಿದೆ: “ಹಾರುವ ಮಣ್ಣಿನ ಪಾರಿವಾಳಗಳನ್ನು ಹೊಡೆಯುವ ಸ್ಪರ್ಧೆ ಇದು.”

ಕುಂಬಾರ ಓಣಿಯ ಒಬ್ಬ ಹುಡುಗ ಎದ್ದು ನಿಂತ. “ಗುರೂಜಿ, ಮಣ್ಣಿನ ಪಾರಿವಾಳ ಅಂದ್ರ ನಮ್ಮಪ್ಪನೂ ಮಾಡಬಹುದೇನ್ರಿ? ಹೊಡದ ಮ್ಯಾಲ ಆ ಚೂರು ಎಲ್ಲಿ ಬೀಳ್ತಾವ್ರಿ?”

“ಮಾಡಬಹುದಪ್ಪಾ, ಮಣ್ಣಿನದಲ್ಲ ಏನು? ಚೂರು ಬಿದ್ದರ ಮಣ್ಣಾಗ ಮಣ್ಣಾಗ್ತಾವ” ಅಂದುಬಿಟ್ಟೆ. ಹುಡುಗ ಕೂತ. ಪಾಠ ಮುಂದೆ ಹೋಯಿತು.

ನಾನು ಹೇಳಿದ ಎರಡು ಮಾತೂ ತಪ್ಪಾಗಿದ್ದವು. ಅದು ನನಗೆ ತಿಳಿದದ್ದು ನಿವೃತ್ತನಾಗಿ, ಹೊತ್ತು ಕಳೆಯಲು ಒಂದೊಂದೇ ವಿಷಯ ಹುಡುಕಿ ಓದತೊಡಗಿದ ಮೇಲೆ. ತರಗತಿಯಲ್ಲಿ ಹೇಳಿದ ತಪ್ಪು ಉತ್ತರ ಮಾಸ್ತರನ ತಲೆ ಮೇಲಿನ ಸಾಲ ಇದ್ದಂತೆ. ಅದನ್ನು ತೀರಿಸಲು ಈ ಪ್ರಬಂಧ ಬರೆಯುತ್ತಿದ್ದೇನೆ.

ಮೊದಲು ಪಾರಿವಾಳದ ಮಾತು. ಈ ಆಟ ಹುಟ್ಟಿದಾಗ ಅದರಲ್ಲಿ ನಿಜವಾದ ಪಾರಿವಾಳವೇ ಇತ್ತು. ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದ ಕೊನೆಗೆ ಸಿರಿವಂತರು ಪಾರಿವಾಳ ಹಿಡಿದು ತಂದು ನೆಲದ ಮೇಲಿನ ಸಣ್ಣ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದರು. ಆ ಪೆಟ್ಟಿಗೆಗೆ ಟ್ರ್ಯಾಪ್ ಎಂದು ಹೆಸರು. ಬಂದೂಕು ಹಿಡಿದವನು “ಪುಲ್” ಎಂದು ಕೂಗಿದರೆ ಆಳು ಹಗ್ಗ ಎಳೆಯುತ್ತಿದ್ದ, ಮುಚ್ಚಳ ತೆರೆದು ಹಕ್ಕಿ ಹಾರುತ್ತಿತ್ತು. ಹಾರಿದ ಹಕ್ಕಿ ಗೊತ್ತುಮಾಡಿದ ಗೆರೆಯೊಳಗೆ ಬಿದ್ದರೆ ಒಂದು ಅಂಕ. ಇವತ್ತು ಹಗ್ಗವೂ ಇಲ್ಲ, ಹಕ್ಕಿಯೂ ಇಲ್ಲ. ಆದರೂ ಆಟದ ಹೆಸರು ಟ್ರ್ಯಾಪ್ ಎಂದೇ ಇದೆ, ಎಷ್ಟೋ ಕಡೆ ಕೂಗು “ಪುಲ್” ಎಂದೇ ಇದೆ. 1900ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆದಾಗ ಕೂಡ ಜೀವಂತ ಪಾರಿವಾಳ ಹೊಡೆಯುವ ಸ್ಪರ್ಧೆ ಇಟ್ಟಿದ್ದರು. ಗೆದ್ದವನು ಬೆಲ್ಜಿಯಂ ದೇಶದವನು, ಅವನೊಬ್ಬನೇ ಕೊಂದದ್ದು 21 ಹಕ್ಕಿ.

ಅಮೆರಿಕದಲ್ಲಿ ಈ ಆಟಕ್ಕೆ ಸಿಕ್ಕಿದ್ದು ಪ್ಯಾಸೆಂಜರ್ ಪಿಜನ್ ಎಂಬ ಕಾಡು ಪಾರಿವಾಳ. ಇವುಗಳ ಹಿಂಡು ಹಾರಿದರೆ ಹೊತ್ತು ಮುಚ್ಚಿ ಕತ್ತಲಾಗುತ್ತಿತ್ತು ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ಕೋಟಿಗಟ್ಟಲೆ ಇದ್ದವು. ಬಲೆ ಹಾಕಿ ಹಿಡಿದು, ಬುಟ್ಟಿಯಲ್ಲಿ ತುಂಬಿ, ರೈಲಿನಲ್ಲಿ ಹೇರಿ ಸ್ಪರ್ಧೆಗಳಿಗೆ ಕಳಿಸುತ್ತಿದ್ದರು. 1881ರಲ್ಲಿ ನ್ಯೂಯಾರ್ಕ್ ಹತ್ತಿರದ ಕೋನಿ ಐಲ್ಯಾಂಡ್‌ನಲ್ಲಿ ನಡೆದ ಒಂದೇ ಪಂದ್ಯಕ್ಕೆ ಸಾವಿರಾರು ಹಕ್ಕಿ ತರಿಸಿದ್ದರು. ದಾರಿಯಲ್ಲೇ ಸತ್ತವೂ ಬಹಳ. ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್ ಎಂಬಾತ ಇದರ ವಿರುದ್ಧ ವರ್ಷಗಟ್ಟಲೆ ಕೂಗಾಡಿದ. ಆಟದ ಜೊತೆಗೆ ಮಾಂಸದ ವ್ಯಾಪಾರ, ಕಾಡು ಕಡಿಯುವುದು ಎಲ್ಲಾ ಸೇರಿ ಆ ಹಕ್ಕಿಯನ್ನು ಮುಗಿಸಿದವು. ಕೊನೆಯದೊಂದು ಹೆಣ್ಣು ಹಕ್ಕಿ, ಮಾರ್ಥಾ ಎಂದು ಹೆಸರು, ಸಿನ್ಸಿನಾಟಿ ಪಟ್ಟಣದ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ಈ ಸಿನ್ಸಿನಾಟಿ ಎಂಬ ಹೆಸರು ನೆನಪಿಡಿ, ಇನ್ನೊಮ್ಮೆ ಬರುತ್ತದೆ.

ಹಕ್ಕಿ ಕಡಿಮೆಯಾದವು, ಜನರ ಬೈಗಳೂ ಹೆಚ್ಚಿದವು. ಆಗ ಬಂದೂಕಿನವರು ಪರ್ಯಾಯ ಹುಡುಕಿದರು. ಮೊದಲು ಬಂದದ್ದು ಗಾಜಿನ ಗುಂಡು. ಕಿತ್ತಳೆ ಹಣ್ಣಿನಷ್ಟು ದೊಡ್ಡದು, ಒಳಗೆ ಟೊಳ್ಳು. ಆಡಂ ಬೊಗಾರ್ಡಸ್ ಎಂಬ ಹೆಸರಾಂತ ಗುರಿಕಾರ 1877ರಲ್ಲಿ ಅದನ್ನು ಎಸೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ನಯವಾದ ಗಾಜಿನ ಮೇಲೆ ಕಾಳು ಜಾರಿ ಹೋಗಬಾರದೆಂದು ಮೈಯೆಲ್ಲ ಗೆರೆ ಕೊರೆದ ಗುಂಡು ಮಾಡಿಸಿದ. ನೋಡುವವರಿಗೆ ಹಕ್ಕಿ ಸತ್ತಂತೆಯೇ ಕಾಣಲಿ ಎಂದು ಕೆಲವರು ಒಳಗೆ ಪುಕ್ಕ ತುಂಬುತ್ತಿದ್ದರು! ಗುಂಡು ಒಡೆದಾಗ ಪುಕ್ಕ ಹಾರುತ್ತಿತ್ತು, ಗಾಜು ನೆಲಕ್ಕೆ ಬೀಳುತ್ತಿತ್ತು. ಹಕ್ಕಿ ಉಳಿಯಿತು, ನಿಜ. ಆದರೆ ಬರಿಗಾಲಲ್ಲಿ ಹೊಲದೊಳಗೆ ನಡೆಯುವ ನಮಗೆ ಆ ಮೈದಾನದ ಗತಿ ಏನಾಗಿತ್ತೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಂದವನು ಜಾರ್ಜ್ ಲಿಗೌಸ್ಕಿ. ಹುಡುಗರು ನೀರಿನ ಮೇಲೆ ಚಪ್ಪಟೆ ಚಿಪ್ಪು ಕುಪ್ಪಳಿಸುವಂತೆ ಎಸೆಯುವುದನ್ನು ಕಂಡು ಇವನಿಗೆ ಉಪಾಯ ಹೊಳೆಯಿತು ಎಂದು ಕಥೆ ಇದೆ. ತಟ್ಟೆಯಾಕಾರದ ಗುರಿ ಮಾಡಿ ತಿರುಗಿಸಿ ಎಸೆದರೆ ಅದು ಹಕ್ಕಿಯಂತೆ ಗಾಳಿಯಲ್ಲಿ ತೇಲಿ ಹೋಗುತ್ತದೆ. 1880ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅವನ ಊರು ಯಾವುದು ಅಂದರೆ ಅದೇ ಸಿನ್ಸಿನಾಟಿ. ಪಾರಿವಾಳಕ್ಕೆ ಬದಲಿ ಹುಟ್ಟಿದ್ದೂ ಅಲ್ಲೇ, ಮೂವತ್ತನಾಲ್ಕು ವರ್ಷದ ನಂತರ ಕೊನೆಯ ಕಾಡು ಪಾರಿವಾಳ ಕಣ್ಣು ಮುಚ್ಚಿದ್ದೂ ಅಲ್ಲೇ. ಬದಲಿ ಬಂತು, ಆದರೆ ಆ ಹಕ್ಕಿಯ ಪಾಲಿಗೆ ತಡವಾಗಿ ಬಂತು.

ಲಿಗೌಸ್ಕಿಯ ಮೊದಲ ತಟ್ಟೆಗಳು ಖರೇ ಮಣ್ಣಿನವು, ಬೆಂಕಿಯಲ್ಲಿ ಸುಟ್ಟವು. ಅವು ಬಹಳ ಗಟ್ಟಿಯಾಗಿ, ಪೆಟ್ಟು ಬಿದ್ದರೂ ಗಂಟೆಯಂತೆ ಸಪ್ಪಳ ಮಾಡಿ ಒಡೆಯದೆ ಹೋಗುತ್ತಿದ್ದವಂತೆ. ಈ ಸಂಗತಿಯನ್ನು ಮೊನ್ನೆ ಕುಂಬಾರ ಓಣಿಯಲ್ಲಿ ಆ ಹುಡುಗನ ತಂದೆಗೆ ಹೇಳಿದೆ. ಅವರು ನಕ್ಕರು. “ಒಂದ ಆವಿಗಿಯೊಳಗ ಇಟ್ಟ ಗಡಿಗಿ ಎಲ್ಲಾ ಒಂದ ಹದಕ್ಕ ಬೇಯ್ತಾವೇನ್ರಿ ಗುರೂಜಿ? ಬೆಂಕಿ ಹತ್ತಿದ್ದು ಕಲ್ಲಾಕ್ಕೈತಿ, ದೂರಿದ್ದದ್ದು ಹಸೀ ಉಳೀತೈತಿ” ಅಂದರು. ಪಂದ್ಯದಲ್ಲಿ ಎಲ್ಲರಿಗೂ ಒಂದೇ ಹದದ ಗುರಿ ಬೇಕು. ಹಾಗಾಗಿ ಕೆಲವೇ ವರ್ಷಗಳಲ್ಲಿ ಮಣ್ಣನ್ನು ಬಿಟ್ಟರು. ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನಂಥ ಕರಿ ಅಂಟು ಕಾಯಿಸಿ ಬೆರೆಸಿ ಅಚ್ಚಿನಲ್ಲಿ ಒತ್ತಿದರು. ಸುಮಾರು ಮೂರರಲ್ಲಿ ಎರಡು ಪಾಲು ಸುಣ್ಣದ ಕಲ್ಲು, ಒಂದು ಪಾಲು ಅಂಟು. ಇವತ್ತಿನ ತನಕ ಪ್ರಪಂಚದ ಬಹುತೇಕ ಮೈದಾನಗಳಲ್ಲಿ ಹಾರುವುದು ಇದೇ. ಅಗಲ 110 ಮಿಲಿಮೀಟರ್, ತೂಕ 105 ಗ್ರಾಂ, ಮೇಲೆ ಕಿತ್ತಳೆ ಬಣ್ಣ. ಹೆಸರು ಮಾತ್ರ ಮಣ್ಣಿನ ಪಾರಿವಾಳ. ಅದರೊಳಗೆ ಮಣ್ಣೂ ಇಲ್ಲ, ಪಾರಿವಾಳವೂ ಇಲ್ಲ.

ಹುಡುಗನ ಎರಡನೆಯ ಪ್ರಶ್ನೆ ಇನ್ನೂ ಬಾಕಿ ಇದೆ. ಚೂರು ಎಲ್ಲಿ ಬೀಳುತ್ತವೆ?

ಒಬ್ಬ ಆಟಗಾರ ಒಂದು ಪಂದ್ಯದಲ್ಲಿ 125 ಗುರಿಗೆ ಹೊಡೆಯುತ್ತಾನೆ ಎಂದು ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ 13 ಕಿಲೋ ಚೂರು, ಅದರಲ್ಲಿ 4 ಕಿಲೋದಷ್ಟು ಅಂಟು. ಆ ಅಂಟು ಕಲ್ಲಿದ್ದಲಿನ ಡಾಂಬರಿನದಾಗಿದ್ದರೆ ಅದರಲ್ಲಿ ಕ್ಯಾನ್ಸರ್ ತರುವ ವಸ್ತುಗಳಿರುತ್ತವೆ. ಬಯಲಲ್ಲಿ ಬಿದ್ದ ಇಂಥ ಚೂರು ತಿಂದ ಹಂದಿಗಳು ಪಿತ್ತಜನಕಾಂಗ ಕೆಟ್ಟು ಸತ್ತದ್ದನ್ನು ಪಶುವೈದ್ಯರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಇನ್ನು ಬಂದೂಕಿನ ತೋಟಾ. ಅಂತಾರಾಷ್ಟ್ರೀಯ ನಿಯಮದಂತೆ ಒಂದು ತೋಟಾದೊಳಗೆ 24 ಗ್ರಾಂ ತನಕ ಸೀಸದ ಛರೆ, ಅಂದರೆ ರಾಗಿ ಸಜ್ಜೆಯಂಥ ಕಾಳು, ಇರಬಹುದು. ಒಂದೊಂದು ಗುರಿಗೆ ಒಂದೇ ತೋಟಾ ಅಂದರೂ 125ಕ್ಕೆ 3 ಕಿಲೋ ಸೀಸ. ಸೀಸ ಕೊಳೆಯುವುದಿಲ್ಲ, ಎಷ್ಟು ಕಾಲವಾದರೂ ನೆಲದಲ್ಲೇ ಇರುತ್ತದೆ. ಹಕ್ಕಿಗಳಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಹರಳು ನುಂಗುತ್ತವೆ. ಹರಳೆಂದು ತಿಳಿದು ಸೀಸದ ಛರೆ ನುಂಗಿದರೆ ವಿಷವೇರಿ ಸಾಯುತ್ತವೆ. ನೋಡಿ, ಹಕ್ಕಿಯನ್ನು ಉಳಿಸಲು ಹುಟ್ಟಿದ ಗುರಿ, ಆದರೆ ಅದನ್ನು ಒಡೆಯುವ ಛರೆ ಮತ್ತೆ ಹಕ್ಕಿಯ ಹೊಟ್ಟೆಗೇ ಹೋಗುತ್ತದೆ.

ಚಿಕಾಗೋ ನಗರದ ಲಿಂಕನ್ ಪಾರ್ಕ್‌ನಲ್ಲಿ ಮಿಷಿಗನ್ ಸರೋವರದ ದಂಡೆಗೆ 1912ರಿಂದ ಒಂದು ಬಂದೂಕು ಕ್ಲಬ್ ಇತ್ತು. ಗುರಿಗಳನ್ನು ನೀರಿನ ಕಡೆಗೇ ಎಸೆಯುತ್ತಿದ್ದರು. ಎಂಟು ದಶಕ ಚೂರೂ ಸೀಸವೂ ಸರೋವರದೊಳಗೆ ಬಿದ್ದವು. ಆ ನಗರ ಕುಡಿಯುವುದು ಅದೇ ಸರೋವರದ ನೀರು. ಕೊನೆಗೆ ಸರ್ಕಾರ ಕೋರ್ಟಿಗೆ ಹೋಯಿತು. 1991ರಲ್ಲಿ ಕ್ಲಬ್ ಮುಚ್ಚಿತು.

ಈಗ ಎರಡನೇ ಸುತ್ತಿನ ಪರ್ಯಾಯಗಳು. ಸೀಸದ ಬದಲು ಉಕ್ಕಿನ ಛರೆ ಬಂತು. ಅಮೆರಿಕ 1991ರಿಂದ ನೀರುಹಕ್ಕಿ ಬೇಟೆಗೆ ಸೀಸ ನಿಲ್ಲಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಛರೆಯನ್ನೇ ನಿಷೇಧಿಸಿತು. ಯುರೋಪಿನ ಒಕ್ಕೂಟ 2023ರಿಂದ ಜೌಗುನೆಲದಲ್ಲಿ ಬಂದ್ ಮಾಡಿದೆ. ಉಕ್ಕು ಹಗುರ, ಆದ್ದರಿಂದ ದೂರದ ಗುರಿಗೆ ಪೆಟ್ಟು ಕಡಿಮೆ, ಸ್ವಲ್ಪ ದೊಡ್ಡ ಕಾಳು ಬೇಕು. ಅಷ್ಟು ಬಿಟ್ಟರೆ ಕೆಲಸ ನಡೆಯುತ್ತದೆ.

ಗುರಿಯ ವಿಷಯ ಇಷ್ಟು ಸುಲಭವಾಗಲಿಲ್ಲ. ಡಾಂಬರು ಬಿಟ್ಟು ಪೈನ್ ಮರದ ರಾಳ ಬೆರೆಸಿದ ಗುರಿಗಳು ಬಂದವು, ಇವು ಕಾಲಕ್ರಮದಲ್ಲಿ ಮಣ್ಣಿಗೆ ಸೇರುತ್ತವೆ. ಇನ್ನು ಕೆಲವರು ಅಂಟಿನ ಬದಲು ಗಂಧಕ ಹಾಕಿ ತಟ್ಟೆ ಮಾಡಿದರು. ಪೆಟ್ಟಿಗೆಯ ಮೇಲೆ “ಮಣ್ಣಿನಲ್ಲಿ ಕರಗುತ್ತದೆ” ಎಂಬ ಅರ್ಥದ ಮಾತು. ಕರಗಿತು ಕೂಡ. ಆದರೆ ಗಂಧಕ ಕರಗಿದರೆ ಏನಾಗುತ್ತದೆ? ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಗಂಧಕದ ಆಮ್ಲ ಮಾಡುತ್ತವೆ. ಅಮೆರಿಕದ ಒಂದು ಮೈದಾನದ ಮಣ್ಣು ಪರೀಕ್ಷಿಸಿದಾಗ ನೆಲ ವಿಪರೀತ ಹುಳಿಯಾಗಿ ಗಿಡ ಬೆಳೆಯದಂತಾಗಿತ್ತು. ಮೇಲಾಗಿ ಹುಳಿ ನೆಲದಲ್ಲಿ ಸೀಸವೂ ಕರಗಿ ಹರಿಯತೊಡಗುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಜ್ಜಿಗೆ ಇಡಬೇಡ ಎಂದು ಅವ್ವ ಬೈಯುತ್ತಿದ್ದುದು ಇದೇ ಕಾರಣಕ್ಕೆ. “ಪರಿಸರಸ್ನೇಹಿ” ಎಂಬ ಚೀಟಿ ಅಂಟಿಸಿದ್ದು ಒಂದು ವಿಷವನ್ನು ತೆಗೆದು ಇನ್ನೊಂದಕ್ಕೆ ಬಾಗಿಲು ತೆರೆದಿತ್ತು.

ಮೂರನೇ ದಾರಿ ಬೆಳಕಿನದು. ಬ್ರಿಟನ್‌ನಲ್ಲಿ ಜಾತ್ರೆ ಸಮಾರಂಭಗಳಲ್ಲಿ ಲೇಸರ್ ಗುರಿಯಾಟ ನಡೆಯುತ್ತದೆ. ಬಂದೂಕು ನೋಡಲು ಅದೇ, ಆದರೆ ಒಳಗಿಂದ ಬರುವುದು ಕಣ್ಣಿಗೆ ಕಾಣದ ಕಿರಣ. ಪ್ಲಾಸ್ಟಿಕ್ ತಟ್ಟೆಯ ಮೇಲಿನ ಹೊಳೆಯುವ ಪಟ್ಟಿಗೆ ಕಿರಣ ತಾಗಿ ಹಿಂತಿರುಗಿದರೆ ಫಲಕದಲ್ಲಿ ಅಂಕ ಬೀಳುತ್ತದೆ, ಸಪ್ಪಳವೂ ಆಗುತ್ತದೆ. ತಟ್ಟೆ ಹುಲ್ಲಿನ ಮೇಲೆ ಇಡಿಯಾಗಿ ಬೀಳುತ್ತದೆ, ಆರಿಸಿ ತಂದು ಮತ್ತೆ ಎಸೆಯುತ್ತಾರೆ. ತೋಟಾ ಇಲ್ಲ, ಚೂರಿಲ್ಲ, ಸೀಸವಿಲ್ಲ. ಇದು ಮಕ್ಕಳಾಟ ಎನ್ನುವವರಿಗೆ ಒಂದು ಮಾತು. ಐದು ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್ ಎಂಬ ಒಲಿಂಪಿಕ್ ಸ್ಪರ್ಧೆಯಲ್ಲಿ 2012ರ ಲಂಡನ್‌ನಿಂದ ಲೇಸರ್ ಪಿಸ್ತೂಲೇ ಬಳಕೆಯಲ್ಲಿದೆ. ಆದರೆ ಹಾರುವ ಗುರಿಯ ಒಲಿಂಪಿಕ್ ಪಂದ್ಯ ಇನ್ನೂ ಛರೆಯ ಮೇಲೇ ನಿಂತಿದೆ. ಬಂದೂಕಿನವರು ಹೇಳುವುದೂ ಪೂರಾ ಸುಳ್ಳಲ್ಲ. ಛರೆ ಗುರಿ ಮುಟ್ಟಲು ಗಳಿಗೆ ಹಿಡಿಯುತ್ತದೆ, ಹಾರುವ ಗುರಿಗಿಂತ ಸ್ವಲ್ಪ ಮುಂದೆ ಅಂದಾಜು ಮಾಡಿ ಹೊಡೆಯಬೇಕು. ಆ ಅಂದಾಜೇ ಆಟದ ಜೀವಾಳ. ಬೆಳಕಿಗೆ ಆ ಗಳಿಗೆಯೂ ಬೇಡ.

ನಮ್ಮ ದೇಶದಲ್ಲೂ ಈ ಬದಲಾವಣೆ ಒಂದೇ ಮನೆತನದಲ್ಲಿ ಕಾಣುತ್ತದೆ. ಬಿಕಾನೇರ್ ಅರಸರ ಗಜನೇರ್ ಕೆರೆಯ ಹಕ್ಕಿ ಬೇಟೆ ಬ್ರಿಟಿಷ್ ಕಾಲದಲ್ಲಿ ಹೆಸರುವಾಸಿ. ಅದೇ ಮನೆತನದ ಕರಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಹಾರುವ ತಟ್ಟೆ ಹೊಡೆದು ಬೆಳ್ಳಿ ಗೆದ್ದರು, ಐದು ಒಲಿಂಪಿಕ್ಸ್ ಆಡಿದರು. ನಮ್ಮ ಸೋಲಾಪುರದ ಮಾಳದಲ್ಲೂ ಬಂದೂಕಿನವರು ಎರ್ಲಡ್ಡು ಹಕ್ಕಿಯ ಬೆನ್ನು ಬಿದ್ದಿದ್ದ ಕಾಲವಿತ್ತು. ಮರಾಠಿಯಲ್ಲಿ ಅದನ್ನು ಮಾಳಢೋಕ ಅನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂತು, 1979ರಲ್ಲಿ ನಾನ್ನಜ ಕಡೆ ಅದಕ್ಕೆ ಅಭಯಾರಣ್ಯವಾಯಿತು. ಇವತ್ತು ಆ ಹಕ್ಕಿ ಕಣ್ಣಿಗೆ ಬಿದ್ದರೆ ಪುಣ್ಯ. ಮಾರ್ಥಾಳ ಕಥೆ ನಮಗೆ ದೂರದ್ದಲ್ಲ.

ನಾನು ಸಣ್ಣವನಿದ್ದಾಗ ಜೋಳ ಹಾಲಗಾಳು ಹಿಡಿದ ಹೊತ್ತಿಗೆ ಅಟ್ಟ ಏರಿ ಕವಣಿ ಬೀಸಿ ಹಕ್ಕಿ ಕಾಯುತ್ತಿದ್ದೆ. ಕವಣಿಯೊಳಗೆ ಇಡುತ್ತಿದ್ದುದು ಹೊಲದ್ದೇ ಹೆಂಟಿ. ಅದು ಬಿದ್ದಲ್ಲೇ ಪುಡಿಯಾಗಿ ಹೊಲಕ್ಕೆ ಸೇರುತ್ತಿತ್ತು. ತರಗತಿಯಲ್ಲಿ ನನ್ನ ಬಾಯಿಂದ “ಮಣ್ಣಾಗ ಮಣ್ಣಾಗ್ತಾವ” ಎಂದು ಬಂದದ್ದು ಬಹುಶಃ ಆ ನೆನಪಿನಿಂದಲೇ.

ಆ ಹುಡುಗ ಈಗ ದೊಡ್ಡವನು, ತಂದೆಯ ಜೊತೆ ಗಣಪತಿ ಮಾಡುತ್ತಾನೆ. ಪೇಟೆಯಿಂದ ಬರುವ ಪ್ಲಾಸ್ಟರ್ ಗಣಪತಿಗಳ ಮುಂದೆ ಇವರ ಮಣ್ಣಿನ ಗಣಪತಿಗೆ ಗಿರಾಕಿ ಕಡಿಮೆ. ಕೆಲವು ಅಂಗಡಿಯವರು ಪ್ಲಾಸ್ಟರ್ ಗಣಪತಿಯನ್ನೂ ಮಣ್ಣಿನದೆಂದೇ ಹೇಳಿ ಮಾರುತ್ತಾರೆ. ಹೋದ ವಾರ ಅವನ ಮನೆಗೆ ಹೋಗಿ, ಇಪ್ಪತ್ತು ವರ್ಷದ ಹಿಂದಿನ ನನ್ನ ಉತ್ತರ ತಪ್ಪಿತ್ತಪ್ಪಾ ಎಂದು ಹೇಳಿ ಮೇಲಿನದೆಲ್ಲ ವಿವರಿಸಿದೆ. ಕೈಯೊಳಗಿನ ಮಣ್ಣು ನಾದುತ್ತಲೇ ಕೇಳಿಸಿಕೊಂಡ.

“ಅಂದ್ರ ಹೆಸರು ಕೇಳಬಾರದ್ರಿ ಗುರೂಜಿ,” ಅಂದ. “ನೀರಾಗ ಹಾಕಿ ನೋಡಬೇಕು.”

ಶಾಲೆಯ ಮಕ್ಕಳಿಗೆ ನಾನು ಹೇಳಬೇಕಾಗಿದ್ದ ಉತ್ತರ ಅದೇ.