ನ್ಯೂಟನ್ನನ ಗ್ರಂಥ, ಹ್ಯಾಲಿಯ ಗಂಟು

ಎಡ್ಮಂಡ್ ಹ್ಯಾಲಿ ಎಂಬ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಸುಮಾರು ಎಪ್ಪತ್ತಾರು ವರ್ಷಗಳಿಗೊಮ್ಮೆ ಬಂದುಹೋಗುವ ಧೂಮಕೇತು. 1910ರಲ್ಲಿ ಅದನ್ನು ಕಂಡು ಜನ ಬೆರಗಾದರು, ಭಯಪಟ್ಟರು. 1986ರಲ್ಲಿ ಮತ್ತೆ ಬಂದಾಗ ದುರ್ಬೀನು ಹಿಡಿದು ಹುಡುಕಿದರು. ಇನ್ನು ಅದು ಬರುವುದು 2061ರಲ್ಲಿ. ಆದರೆ ಇದೇ ಹ್ಯಾಲಿ ಮಾಡಿದ ಇನ್ನೊಂದು ಕೆಲಸವಿದೆ. ಅದು ಆಕಾಶದಲ್ಲಿ ಕಾಣಿಸುವಂಥದಲ್ಲ. ಗೆಳೆಯನೊಬ್ಬ ಬರೆದ ಪುಸ್ತಕವನ್ನು ಈತ ತನ್ನ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ. ಆ ಗೆಳೆಯ ಐಸಾಕ್ ನ್ಯೂಟನ್. ಆ ಪುಸ್ತಕ, ವಿಜ್ಞಾನದ ದಿಕ್ಕನ್ನೇ ಬದಲಿಸಿದ 'ಪ್ರಿನ್ಸಿಪಿಯಾ'.

ಪರಿಚಿತರಲ್ಲಿ ಯಾರಾದರೂ ಪುಸ್ತಕ ಬರೆದರೆ ನಾವು ಸಾಮಾನ್ಯವಾಗಿ ಮಾಡುವುದೇನು? ಬಿಡುಗಡೆ ಸಮಾರಂಭಕ್ಕೆ ಹೋಗುತ್ತೇವೆ, ಎರಡು ಒಳ್ಳೆಯ ಮಾತಾಡುತ್ತೇವೆ, ಗೌರವ ಪ್ರತಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರುತ್ತೇವೆ. ಅಲ್ಲಿಗೆ ಸ್ನೇಹದ ಋಣ ತೀರಿತೆಂದು ಭಾವಿಸುತ್ತೇವೆ. ಗ್ರಂಥಕರ್ತನಿಗೆ ಗೆಳೆಯ ಎಷ್ಟು ಬಗೆಯಲ್ಲಿ ಒದಗಿಬರಬಹುದು ಎಂಬುದನ್ನು ತಿಳಿಯಲು ಮುನ್ನೂರು ವರ್ಷಗಳಿಗೂ ಹಿಂದಿನ ಹ್ಯಾಲಿಯ ಕಥೆಯನ್ನು ನೋಡಬೇಕು.

ನಲವತ್ತು ಷಿಲಿಂಗಿನ ಪಂದ್ಯ

1684ರ ಜನವರಿ. ಲಂಡನ್ನಿನ ರಾಯಲ್ ಸೊಸೈಟಿಯ ಮೂವರು ಸದಸ್ಯರು ಒಂದೆಡೆ ಸೇರಿ ಮಾತಿಗೆ ತೊಡಗಿದ್ದರು. ಒಬ್ಬ, ಸೇಂಟ್ ಪಾಲ್ ಇಗರ್ಜಿಯನ್ನು ಕಟ್ಟಿಸುತ್ತಿದ್ದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್. ಎರಡನೆಯವನು ಪ್ರಯೋಗಗಳಲ್ಲಿ ನಿಸ್ಸೀಮನಾಗಿದ್ದ ರಾಬರ್ಟ್ ಹುಕ್. ಮೂರನೆಯವನೇ ಹ್ಯಾಲಿ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಅಷ್ಟರಲ್ಲೇ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ ದಕ್ಷಿಣ ಆಕಾಶದ 341 ನಕ್ಷತ್ರಗಳ ಪಟ್ಟಿ ತಯಾರಿಸಿ ಹೆಸರು ಮಾಡಿದ್ದ.

ಮೂವರನ್ನೂ ಕಾಡುತ್ತಿದ್ದ ಪ್ರಶ್ನೆ ಒಂದೇ. ಸೂರ್ಯನ ಸೆಳೆತ ದೂರದ ವರ್ಗಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ ಎಂದು ಇಟ್ಟುಕೊಂಡರೆ, ಅಂದರೆ ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೆಯ ಒಂದು ಪಾಲಾಗುತ್ತದೆ ಎಂದಾದರೆ, ಗ್ರಹಗಳು ಕೆಪ್ಲರ್ ಹೇಳಿದಂತೆ ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಗಣಿತದಿಂದ ಸಾಧಿಸಬಹುದೆ? ತನ್ನ ಬಳಿ ಉತ್ತರವಿದೆ, ಆದರೆ ಸದ್ಯಕ್ಕೆ ಗುಟ್ಟಾಗಿ ಇಡುತ್ತೇನೆ ಎಂದ ಹುಕ್. ರೆನ್ ನಂಬಲಿಲ್ಲ. ಎರಡು ತಿಂಗಳೊಳಗೆ ಯಾರು ಸಾಧಿಸಿ ತೋರಿಸುತ್ತಾರೋ ಅವರಿಗೆ ನಲವತ್ತು ಷಿಲಿಂಗ್ ಬೆಲೆಯ ಪುಸ್ತಕವೊಂದನ್ನು ಬಹುಮಾನವಾಗಿ ಕೊಡುವೆನೆಂದ. ಗಡುವು ಮುಗಿಯಿತು. ಬಹುಮಾನ ಯಾರಿಗೂ ಸಿಗಲಿಲ್ಲ.

ಆ ವರ್ಷ ಹ್ಯಾಲಿಯ ಪಾಲಿಗೆ ಒಳ್ಳೆಯದಾಗಿರಲಿಲ್ಲ. ಸಾಬೂನಿನ ವ್ಯಾಪಾರದಲ್ಲಿ ಶ್ರೀಮಂತನಾಗಿದ್ದ ಅವನ ತಂದೆ ಮಾರ್ಚಿಯಲ್ಲಿ ಮನೆಯಿಂದ ಹೋದವನು ಮರಳಲಿಲ್ಲ. ಏಪ್ರಿಲ್‌ನಲ್ಲಿ ಅವನ ಹೆಣ ಸಿಕ್ಕಿತು. ಆಸ್ತಿಯ ವಿಚಾರದಲ್ಲಿ ಮಲತಾಯಿಯೊಡನೆ ವ್ಯಾಜ್ಯ ಹುಟ್ಟಿತು. ತಂದೆ ಕೊಡುತ್ತಿದ್ದ ಹಣದ ಆಸರೆ ತಪ್ಪಿತು. ಮದುವೆಯಾಗಿ ಎರಡು ವರ್ಷವಾಗಿತ್ತಷ್ಟೆ. ಇಷ್ಟೆಲ್ಲದರ ನಡುವೆಯೂ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಅದೇ ವರ್ಷ ಅವನು ಕೇಂಬ್ರಿಜ್‌ಗೆ ಹೋಗಿ ಅಲ್ಲಿನ ಗಣಿತದ ಪ್ರಾಧ್ಯಾಪಕ ನ್ಯೂಟನ್ನನ ಬಾಗಿಲು ತಟ್ಟಿದ.

ಕಳೆದುಹೋದ ಕಾಗದ

ಈ ಭೇಟಿಯ ವಿವರ ನಮಗೆ ಸಿಗುವುದು ನ್ಯೂಟನ್ ಮುಪ್ಪಿನಲ್ಲಿ ಗಣಿತಜ್ಞ ಡ ಮ್ವಾವರ್‌ಗೆ ಹೇಳಿದ ನೆನಪಿನಿಂದ. ಅಂಥ ಸೆಳೆತವಿದ್ದರೆ ಗ್ರಹದ ಹಾದಿ ಯಾವ ಆಕಾರದಲ್ಲಿರುತ್ತದೆ ಎಂದು ಹ್ಯಾಲಿ ಕೇಳಿದ. ದೀರ್ಘವೃತ್ತ ಎಂದು ನ್ಯೂಟನ್ ತಟ್ಟನೆ ಉತ್ತರಿಸಿದ. ಅದು ಹೇಗೆ ಗೊತ್ತು ಎಂದರೆ, ಲೆಕ್ಕ ಹಾಕಿದ್ದೇನೆ ಎಂದ. ಹಾಗಾದರೆ ತೋರಿಸು ಎಂದಾಗ ಕಾಗದಗಳ ರಾಶಿಯಲ್ಲಿ ಹುಡುಕಿದ, ಸಿಗಲಿಲ್ಲ. ಮತ್ತೆ ಮಾಡಿ ಕಳಿಸುತ್ತೇನೆ ಎಂದು ಮಾತು ಕೊಟ್ಟ.

ಹೀಗೆ ಮಾತು ಕೊಟ್ಟು ಮರೆಯುವವರು ಬಹಳ. ನ್ಯೂಟನ್ನನಂತೂ ಪ್ರಕಟಣೆ ಎಂದರೆ ಹಿಂಜರಿಯುವ ಸ್ವಭಾವದವನು. 1672ರಲ್ಲಿ ಬೆಳಕು ಮತ್ತು ಬಣ್ಣಗಳ ಬಗ್ಗೆ ಲೇಖನ ಪ್ರಕಟಿಸಿದಾಗ ಹುಕ್ ಮೊದಲಾದವರು ಎತ್ತಿದ ಆಕ್ಷೇಪಗಳಿಂದ ಬೇಸತ್ತು, ಚಿಪ್ಪಿನೊಳಗೆ ಸೇರಿಕೊಂಡಂತೆ ಇದ್ದುಬಿಟ್ಟಿದ್ದ. ಆದರೆ ಈ ಸಲ ಕೇಳಿದವನ ಉತ್ಸಾಹದಲ್ಲಿ ಸ್ಪರ್ಧೆಯ ವಾಸನೆ ಇರಲಿಲ್ಲ. ನವೆಂಬರಿನಲ್ಲಿ ಒಂಬತ್ತು ಪುಟಗಳ ಲ್ಯಾಟಿನ್ ಪ್ರಬಂಧವೊಂದು ಹ್ಯಾಲಿಯ ಕೈ ಸೇರಿತು. ಓದಿದ ಕೂಡಲೇ ಅದರ ಬೆಲೆ ಅವನಿಗೆ ಅರಿವಾಯಿತು. ಮತ್ತೆ ಕೇಂಬ್ರಿಜ್‌ಗೆ ಹೋಗಿ ಮುಂದುವರಿಸುವಂತೆ ಒತ್ತಾಯಿಸಿದ. ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಗೆ ವಿಷಯ ತಿಳಿಸಿ, ಕೆಲಸ ದಾಖಲೆಗೆ ಬರುವಂತೆ ನೋಡಿಕೊಂಡ.

ಒಂಬತ್ತು ಪುಟ ಬೆಳೆಯಿತು. ನ್ಯೂಟನ್ ಊಟ ನಿದ್ದೆ ಮರೆತು ಬರೆದ. 1686ರ ಏಪ್ರಿಲ್ 28ರಂದು ಗ್ರಂಥದ ಮೊದಲ ಭಾಗದ ಹಸ್ತಪ್ರತಿ ಸೊಸೈಟಿಯ ಮುಂದೆ ಬಂತು.

ಮೀನಿನ ಪುಸ್ತಕದ ಪೆಟ್ಟು

ಮೇ 19ರಂದು ಗ್ರಂಥವನ್ನು ತಡಮಾಡದೆ ಮುದ್ರಿಸಬೇಕೆಂದು ಸೊಸೈಟಿ ತೀರ್ಮಾನಿಸಿತು. ಆದರೆ ಬೊಕ್ಕಸದಲ್ಲಿ ಹಣ ಎಲ್ಲಿ? ಕೆಲವೇ ತಿಂಗಳ ಹಿಂದೆ ಅದು ಫ್ರಾನ್ಸಿಸ್ ವಿಲ್ಲಬಿಯ ಮೀನುಗಳ ಚರಿತ್ರೆ ಎಂಬ ದೊಡ್ಡ ಗ್ರಂಥವನ್ನು ಹೊರತರಲು ಕೈಹಾಕಿತ್ತು. ವಿಲ್ಲಬಿ ತೀರಿಕೊಂಡ ಮೇಲೆ ಅವನ ಗೆಳೆಯ ಜಾನ್ ರೇ ಶ್ರದ್ಧೆಯಿಂದ ಸಂಪಾದಿಸಿದ್ದ ಆ ಪುಸ್ತಕದಲ್ಲಿ ನೂರೆಂಬತ್ತಕ್ಕೂ ಹೆಚ್ಚು ತಾಮ್ರಫಲಕದ ಚಿತ್ರಗಳಿದ್ದವು. ನೋಡಲು ಸುಂದರ, ಕೊಳ್ಳುವವರು ಇಲ್ಲ. ಸೊಸೈಟಿಯ ಗಂಟು ಮೀನಿನ ಬಾಯಿಗೆ ಹೋಗಿತ್ತು.

ಜೂನ್ 2ರಂದು ಆಡಳಿತ ಸಮಿತಿ ಜಾಣ ನಿರ್ಣಯವೊಂದನ್ನು ಬರೆದುಕೊಂಡಿತು. ನ್ಯೂಟನ್ನನ ಪುಸ್ತಕವನ್ನು ಮುದ್ರಿಸತಕ್ಕದ್ದು, ಅದರ ಉಸ್ತುವಾರಿಯನ್ನು ಹ್ಯಾಲಿ ನೋಡಿಕೊಳ್ಳತಕ್ಕದ್ದು, ಖರ್ಚನ್ನೂ ಹ್ಯಾಲಿಯೇ ಭರಿಸತಕ್ಕದ್ದು ಎಂಬುದು ಅದರ ಸಾರ. ಆಗ ಹ್ಯಾಲಿ ಸೊಸೈಟಿಯ ಸಂಬಳದ ಗುಮಾಸ್ತ. ವರ್ಷಕ್ಕೆ ಐವತ್ತು ಪೌಂಡ್ ಗೊತ್ತುಪಡಿಸಲಾಗಿತ್ತು. ಅಂಥವನು ತನ್ನದಲ್ಲದ ಗ್ರಂಥದ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡ.

ಹಣಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ವರ್ಗದ ನಿಯಮವನ್ನು ಮೊದಲು ಕಂಡವನು ತಾನು, ನ್ಯೂಟನ್ ಅದನ್ನು ತನ್ನಿಂದಲೇ ಪಡೆದ, ಮುನ್ನುಡಿಯಲ್ಲಿ ಹೆಸರು ಬರಬೇಕು ಎಂದು ಹುಕ್ ಹೇಳಿಕೊಳ್ಳತೊಡಗಿದ. ಇದನ್ನು ಗ್ರಂಥಕರ್ತನಿಗೆ ತಿಳಿಸುವವರು ಯಾರು? ಯಾರೋ ಬಣ್ಣ ಕಟ್ಟಿ ಹೇಳುವುದಕ್ಕಿಂತ ತಾನೇ ಹೇಳುವುದು ಮೇಲೆಂದು ಹ್ಯಾಲಿ ಮೇ 22ರಂದು ಕಾಗದ ಬರೆದ. ಮೊದಲು ಸೊಸೈಟಿಯ ಸಂತೋಷವನ್ನು ತಿಳಿಸಿ, ಆಮೇಲೆ ಈ ಸಂಗತಿಯನ್ನು ಮೆತ್ತಗೆ ಹೇಳಿ, ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಕೇಳಿದ.

ನ್ಯೂಟನ್ ಕೆರಳಿದ. ಜೂನ್ 20ರ ಕಾಗದದಲ್ಲಿ, ಮೂರನೆಯ ಭಾಗವನ್ನು ಹೊರತರುವುದೇ ಇಲ್ಲ ಎಂದು ಬರೆದ. ಗ್ರಹಗಳು, ಉಪಗ್ರಹಗಳು, ಉಬ್ಬರವಿಳಿತ, ಧೂಮಕೇತು ಇವೆಲ್ಲ ಒಂದೇ ನಿಯಮಕ್ಕೆ ಒಳಪಟ್ಟಿವೆ ಎಂದು ತೋರಿಸುವುದು ಆ ಮೂರನೆಯ ಭಾಗವೇ. ಅದಿಲ್ಲದಿದ್ದರೆ ಉಳಿಯುವುದು ಗಣಿತಜ್ಞರಷ್ಟೇ ಓದಬಲ್ಲ ಕಠಿಣ ಪ್ರಮೇಯಗಳ ಕಟ್ಟು. ಆದರೂ ಅದೇ ಕಾಗದದಲ್ಲಿ ಒಂದು ಮೃದುವಾದ ಮಾತಿದೆ. ಎರಡೇ ಭಾಗವಾದರೆ ಹೆಸರು ಬದಲಿಸಬೇಕಿತ್ತು, ಆದರೆ ಹಳೆಯ ಹೆಸರು ಮಾರಾಟಕ್ಕೆ ಅನುಕೂಲ, ಪುಸ್ತಕ ಈಗ ನಿನ್ನದಾಗಿರುವುದರಿಂದ ಅದನ್ನು ಕೆಡಿಸಲಾರೆ ಎಂಬ ಅರ್ಥದ್ದು. ಸಿಟ್ಟಿನಲ್ಲೂ ನ್ಯೂಟನ್ ಗೆಳೆಯನ ಹಣವನ್ನು ಮರೆತಿರಲಿಲ್ಲ.

ಹ್ಯಾಲಿ ವಾದಕ್ಕೆ ಹೋಗಲಿಲ್ಲ. ರೆನ್ನನನ್ನು ಕಂಡು ಹಳೆಯ ಮಾತುಕತೆಯನ್ನು ವಿಚಾರಿಸಿಕೊಂಡು, ಜೂನ್ 29ರಂದು ನಡೆದದ್ದನ್ನು ನಡೆದಂತೆ ಬರೆದ. ನಲವತ್ತು ಷಿಲಿಂಗಿನ ಪಂದ್ಯದ ಸಂಗತಿ ನಮಗೆ ತಿಳಿದಿರುವುದು ಈ ಕಾಗದದಿಂದಲೇ. ಅಸಮಾಧಾನದ ಕಾರಣಕ್ಕೆ ಲೋಕಕ್ಕೆ ಮೂರನೆಯ ಭಾಗವನ್ನು ತಪ್ಪಿಸಬೇಡ, ಗಣಿತ ತಿಳಿಯದ ಓದುಗರೇ ಹೆಚ್ಚಿನವರು, ಅವರಿಗೆ ಗ್ರಂಥ ಹಿಡಿಸುವುದು ಆ ಭಾಗದಿಂದ ಎಂದು ಬೇಡಿಕೊಂಡ. ಅದರಲ್ಲಿ ತನ್ನ ಹಣದ ಪ್ರಸ್ತಾಪ ಮಾಡಿ ಒತ್ತಡ ತರಲಿಲ್ಲ. ನ್ಯೂಟನ್ ತಣ್ಣಗಾದ. ಮೂರನೆಯ ಭಾಗ ಉಳಿಯಿತು. ರೆನ್, ಹುಕ್, ಹ್ಯಾಲಿ ಮೂವರೂ ವರ್ಗದ ನಿಯಮವನ್ನು ಸ್ವತಂತ್ರವಾಗಿ ಕಂಡಿದ್ದರೆಂಬ ಚಿಕ್ಕ ಟಿಪ್ಪಣಿಯೂ ಸೇರಿತು.

ಆರು ಷಿಲಿಂಗಿನ ಪ್ರತಿ

ಮುಂದಿನ ಒಂದು ವರ್ಷ ಹ್ಯಾಲಿ ಮುದ್ರಕ ಜೋಸೆಫ್ ಸ್ಟ್ರೀಟರ್‌ನ ಅಚ್ಚುಕೂಟಕ್ಕೂ ಕೇಂಬ್ರಿಜ್‌ನ ಅಂಚೆಗೂ ನಡುವೆ ಓಡಾಡಿದ. ಕರಡು ತಿದ್ದಿದ. ಆಕೃತಿಗಳನ್ನು ಮರದ ಅಚ್ಚಿನಲ್ಲಿ ಕೆತ್ತಿಸಿ, ಓದುಗನಿಗೆ ಅನುಕೂಲವಾಗಲೆಂದು ಆಯಾ ಪ್ರಮೇಯದ ಪಕ್ಕದಲ್ಲೇ ಬರುವಂತೆ ಜೋಡಿಸಿದ. ಐನೂರು ಪುಟ ಮೀರಿದ ಗ್ರಂಥ 1687ರ ಜುಲೈ 5ರ ಹೊತ್ತಿಗೆ ಮುಗಿಯಿತು.

ಅಂದು ಅವನು ನ್ಯೂಟನ್ನನಿಗೆ ಬರೆದ ಕಾಗದ ಪ್ರಕಾಶಕರೆಲ್ಲ ಓದಬೇಕಾದಂಥದು. ಗೆಳೆಯರಿಗೆ ಹಂಚಲೆಂದು ಇಪ್ಪತ್ತು ಪ್ರತಿ ಕಳಿಸಿದ. ಸೊಸೈಟಿಗೆ, ರಾಬರ್ಟ್ ಬಾಯ್ಲ್‌ಗೆ, ಖಗೋಳಜ್ಞ ಫ್ಲಾಮ್‌ಸ್ಟೀಡ್‌ಗೆ ತಾನೇ ತಲುಪಿಸುವೆನೆಂದ. ಜೊತೆಗೆ ಇನ್ನೂ ನಲವತ್ತು ಪ್ರತಿ ಕಳಿಸಿ, ಕೇಂಬ್ರಿಜ್‌ನಲ್ಲಿ ತನಗೆ ಪರಿಚಿತರಿಲ್ಲ, ಒಳ್ಳೆಯ ಪುಸ್ತಕ ವ್ಯಾಪಾರಿಗಳಿಗೆ ಒಪ್ಪಿಸಬೇಕೆಂದು ಕೇಳಿಕೊಂಡ. ಚರ್ಮದ ಹೊದಿಕೆಯ ಪ್ರತಿಗೆ ಲಂಡನ್ನಿನಲ್ಲಿ ಒಂಬತ್ತು ಷಿಲಿಂಗ್. ಹೊಲಿಯದ ಹಾಳೆಗಳ ಕಟ್ಟಿಗೆ ಆರು ಷಿಲಿಂಗ್, ಕೈಯಲ್ಲಿ ಕಾಸು ಇಟ್ಟವರಿಗೆ ಐದು. ವಿಶ್ವದ ನಿಯಮವೂ ಷಿಲಿಂಗಿನ ಲೆಕ್ಕ ದಾಟದೆ ಓದುಗನನ್ನು ಮುಟ್ಟಲಾರದು ಎಂಬ ವಿವೇಕ ಹ್ಯಾಲಿಗಿತ್ತು.

ಪುಸ್ತಕ ಬಂದ ಮೇಲೂ ಅವನು ಕೈ ತೊಳೆದುಕೊಳ್ಳಲಿಲ್ಲ. ಗ್ರಂಥದ ಆರಂಭಕ್ಕೆ ಲ್ಯಾಟಿನ್ನಿನಲ್ಲಿ ಪ್ರಶಂಸೆಯ ಪದ್ಯ ಬರೆದಿದ್ದ. ಸೊಸೈಟಿಯ ಪತ್ರಿಕೆಯಲ್ಲಿ ಪರಿಚಯ ಲೇಖನ ಬರೆದ. ದೊರೆ ಎರಡನೆಯ ಜೇಮ್ಸ್‌ಗೆ ಪ್ರತಿಯೊಂದನ್ನು ಅರ್ಪಿಸುವಾಗ, ನೌಕಾಪಡೆಯ ಅನುಭವವಿದ್ದ ದೊರೆಗೆ ರುಚಿಸುವಂತೆ ಉಬ್ಬರವಿಳಿತದ ಭಾಗವನ್ನು ಸರಳವಾಗಿ ವಿವರಿಸಿ ಬರೆದುಕೊಟ್ಟ. ಯಾರಿಗೆ ಯಾವ ಪುಟ ತೆರೆದು ತೋರಿಸಬೇಕು ಎಂಬುದನ್ನು ಬಲ್ಲವನೇ ಪುಸ್ತಕಕ್ಕೆ ನಿಜವಾದ ರಾಯಭಾರಿ.

ಇದಕ್ಕೆ ಸೊಸೈಟಿ ಕೊಟ್ಟ ಸಂಭಾವನೆ ಏನು? ಅದೇ ಜುಲೈ ತಿಂಗಳಲ್ಲಿ ಸಮಿತಿ ಸಭೆ ಸೇರಿ, ಹ್ಯಾಲಿಯ ಐವತ್ತು ಪೌಂಡ್ ಸಂಬಳದ ಬದಲು ಮಾರಾಟವಾಗದೆ ಉಳಿದಿದ್ದ ಮೀನಿನ ಪುಸ್ತಕದ ಐವತ್ತು ಪ್ರತಿಗಳನ್ನು ಕೊಡುವುದೆಂದು ತೀರ್ಮಾನಿಸಿತು. ಬಾಕಿಗೆಂದು ಇನ್ನೂ ಇಪ್ಪತ್ತು.

ಗ್ರಂಥದ ಮುಖಪುಟದಲ್ಲಿ ಅನುಮತಿ ಕೊಟ್ಟ ಅಧ್ಯಕ್ಷ ಸ್ಯಾಮ್ಯುಯಲ್ ಪೀಪ್ಸ್‌ನ ಹೆಸರು ದಪ್ಪ ಅಕ್ಷರಗಳಲ್ಲಿದೆ. ಹಣ ಕೊಟ್ಟ ಹ್ಯಾಲಿಯ ಹೆಸರು ಅಲ್ಲಿಲ್ಲ. ಆದರೆ ಹೊಗಳಿಕೆಯಲ್ಲಿ ಜಿಪುಣನಾಗಿದ್ದ ನ್ಯೂಟನ್ ಮುನ್ನುಡಿಯಲ್ಲಿ, ಕರಡು ತಿದ್ದಿ ಆಕೃತಿಗಳನ್ನು ಸಿದ್ಧಪಡಿಸಿದ್ದಷ್ಟೇ ಅಲ್ಲ, ತನ್ನನ್ನು ಈ ಪ್ರಕಟಣೆಯ ಹಾದಿಗೆ ಹಚ್ಚಿದವನೇ ಹ್ಯಾಲಿ ಎಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡಿದ್ದಾನೆ. 2020ರಲ್ಲಿ ಪ್ರಕಟವಾದ ಗಣತಿಯೊಂದರ ಪ್ರಕಾರ ಆ ಮೊದಲ ಮುದ್ರಣದ 387 ಪ್ರತಿಗಳು ಜಗತ್ತಿನ ಬೇರೆ ಬೇರೆ ಕಡೆ ಇಂದಿಗೂ ಉಳಿದಿವೆ.

ಹ್ಯಾಲಿಗೂ ಆ ಗ್ರಂಥ ಋಣ ತೀರಿಸಿತು. ನ್ಯೂಟನ್ನನ ವಿಧಾನದಿಂದಲೇ ಲೆಕ್ಕ ಹಾಕಿ, 1531, 1607 ಮತ್ತು 1682ರಲ್ಲಿ ಕಾಣಿಸಿದ್ದು ಒಂದೇ ಧೂಮಕೇತು, ಅದು 1758ರಲ್ಲಿ ಮರಳುತ್ತದೆ ಎಂದು ಅವನು 1705ರಲ್ಲಿ ಪ್ರಕಟಿಸಿದ. 1742ರಲ್ಲಿ ಅವನು ತೀರಿಕೊಂಡ. 1758ರ ಕ್ರಿಸ್‌ಮಸ್ ರಾತ್ರಿ ಧೂಮಕೇತು ಕಾಣಿಸಿಕೊಂಡಿತು.

ಹ್ಯಾಲಿಯಷ್ಟು ಖರ್ಚು ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಅವನು ಮಾಡಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಾಗಿರಲಿಲ್ಲ. ಸರಿಯಾದ ಪ್ರಶ್ನೆ ಕೇಳಿದ, ಕೊಟ್ಟ ಮಾತನ್ನು ಮರೆಯಗೊಡಲಿಲ್ಲ, ಕಹಿಯನ್ನು ತಾನೇ ಹೇಳಿದ, ಸಿಟ್ಟು ಇಳಿಯುವವರೆಗೆ ತಾಳಿದ, ತಪ್ಪು ತಿದ್ದಿದ, ನಾಲ್ಕು ಜನಕ್ಕೆ ತಿಳಿಯುವಂತೆ ಹೇಳಿದ. ನಮ್ಮ ಪರಿಚಯದಲ್ಲೂ ಕಾಗದದ ರಾಶಿಯಲ್ಲಿ ಏನನ್ನೋ ಕಳೆದುಕೊಂಡು ಕುಳಿತವರು ಇದ್ದಾರು. ಅದು ಸಿಕ್ಕಿತೇ ಎಂದು ಒಮ್ಮೆ ಹೋಗಿ ಕೇಳಬಹುದು. ಪುಸ್ತಕ ಹೊರಬಂದ ದಿನ ಗೌರವ ಪ್ರತಿಗೆ ಕೈ ಚಾಚುವ ಮೊದಲು ಜೇಬಿಗೂ ಒಮ್ಮೆ ಕೈ ಹಾಕಬಹುದು.