ಅರಮನೆಯಿಂದ ಪೊರಕೆಯವರೆಗೆ: ಮರುಭೂಮಿಯ ಮ್ಯೂಸಿಯಂಗಳು ಮತ್ತು ನಮ್ಮ ಹಂಚು

ಮಂಗಳೂರು ಜಂಕ್ಷನ್ ಮೂಲಕ ಅಜ್ಮೇರಕ್ಕೆ ಹೋಗುವ ಒಂದು ರೈಲಿದೆ. ಹೆಸರು ಮರುಸಾಗರ್ ಎಕ್ಸ್‌ಪ್ರೆಸ್. ಮರು ಅವರದ್ದು, ಸಾಗರ ನಮ್ಮದು. ಫಳ್ನೀರ್, ಕಂಕನಾಡಿ ಕಡೆಯಿಂದ ರಾಜಸ್ಥಾನ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಕೋಟೆ ನೋಡಿ, ಒಂಟೆ ಹತ್ತಿ, ಬಾಂಧಣಿ ಸೀರೆ ಕೊಂಡು ಮರಳುತ್ತಾರೆ. ಅಲ್ಲಿನ ಮ್ಯೂಸಿಯಂಗಳಿಗೂ ಒಂದೆರಡು ದಿನ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಯಾರ ಬದುಕಿನ ವಸ್ತು ಉಳಿಯಬೇಕು, ಯಾರದ್ದು ಗುಜರಿಗೆ ಹೋಗಬೇಕು ಎಂಬ ಪ್ರಶ್ನೆಗೆ ಅಲ್ಲಿ ಬೇರೆ ಬೇರೆ ಉತ್ತರ ಸಿಗುತ್ತದೆ.

ಮೊದಲು ಜೈಪುರದ ಆಲ್ಬರ್ಟ್ ಹಾಲ್. 1876ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಅಡಿಗಲ್ಲು ಹಾಕಿದ ಕಟ್ಟಡ ಇದು. ವಿನ್ಯಾಸ ಸ್ಯಾಮ್ಯುವೆಲ್ ಸ್ವಿಂಟನ್ ಜೇಕಬ್ ಅವರದ್ದು. ಕಟ್ಟಡವನ್ನು ಯಾವುದಕ್ಕೆ ಬಳಸಬೇಕು ಎಂಬುದೇ ಆರಂಭದಲ್ಲಿ ತೀರ್ಮಾನವಾಗಿರಲಿಲ್ಲ. ಸ್ಥಳೀಯ ಕುಶಲಕರ್ಮಿಗಳ ಕೆಲಸವನ್ನು ಪ್ರದರ್ಶಿಸೋಣ ಎಂಬ ಸಲಹೆ ಕೊಟ್ಟವರು ಬ್ರಿಟಿಷ್ ವೈದ್ಯ ಥಾಮಸ್ ಹೆಂಡ್ಲಿ. 1887ರಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಲೋಹದ ಕೆಲಸ, ಮಡಕೆ, ರತ್ನಗಂಬಳಿಗಳ ಜೊತೆಗೆ ಅಲ್ಲಿ ಈಜಿಪ್ಟಿನ ಒಂದು ಮಮ್ಮಿಯೂ ಇದೆ. 2020ರ ಆಗಸ್ಟ್‌ನಲ್ಲಿ ಸುರಿದ ಭಾರೀ ಮಳೆಗೆ ನೀರು ಒಳನುಗ್ಗಿತು. ಸಿಬ್ಬಂದಿ ಮಮ್ಮಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಉಳಿಸಿದರು. ಕಚೇರಿಯ ಕಡತಗಳು ಒದ್ದೆಯಾದವು. ಮರುಭೂಮಿಯ ರಾಜ್ಯದಲ್ಲೂ ಮ್ಯೂಸಿಯಮ್ಮಿನ ಶತ್ರು ನೀರೇ!

ಜೋಧಪುರದ ಉಮೈದ್ ಭವನವನ್ನು ನೋಡುವಾಗ ಇನ್ನೊಂದು ಲೆಕ್ಕ ಮನಸ್ಸಿನಲ್ಲಿರಲಿ. 1929ರಲ್ಲಿ ಶುರುವಾಗಿ 1943ರಲ್ಲಿ ಮುಗಿದ ಅರಮನೆ ಇದು. ಬರದಿಂದ ಕಂಗೆಟ್ಟ ಜನರಿಗೆ ಕೂಲಿ ಸಿಗಲಿ ಎಂಬುದು ಇದನ್ನು ಕಟ್ಟಿಸಲು ಕೊಟ್ಟ ಕಾರಣ. ಸಾವಿರಾರು ಜನ ವರ್ಷಗಟ್ಟಲೆ ಕಲ್ಲು ಹೊತ್ತರು. ಈಗ ಅದರ ಒಂದು ಭಾಗ ರಾಜಮನೆತನದ ವಾಸ, ಒಂದು ಭಾಗ ಐಷಾರಾಮಿ ಹೋಟೆಲ್, ಇನ್ನೊಂದು ಭಾಗ ಮ್ಯೂಸಿಯಂ. ಇಂಥ ಕಡೆ ಗಾಜಿನೊಳಗೆ ಇರುವುದು ಹೆಚ್ಚಾಗಿ ಒಡೆಯರ ವಸ್ತು. ಹೊತ್ತವರನ್ನು ನೋಡುವವರೇ ಊಹಿಸಿಕೊಳ್ಳಬೇಕು.

ಉತ್ತರದ ಹನುಮಾನ್‌ಗಢ ಜಿಲ್ಲೆಯಲ್ಲಿ ಕಾಲಿಬಂಗಾ ಇದೆ. 1960ರ ದಶಕದಲ್ಲಿ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆಯಿತು. ಸಿಂಧೂ ನಾಗರಿಕತೆಗೂ ಮುಂಚಿನ ಹಂತದ, ಉತ್ತ ಹೊಲವೊಂದರ ನೇಗಿಲ ಸಾಲುಗಳು ಮಣ್ಣಿನಡಿ ಸಿಕ್ಕವು. ಉತ್ಖನನದ ವಸ್ತುಗಳನ್ನು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ರಾಜನ ಹೆಸರಿಲ್ಲ, ಶಾಸನವಿಲ್ಲ. ಆದರೆ ರೈತನ ಕೆಲಸ ಉಳಿದಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಜೋಧಪುರದ ಹತ್ತಿರ, ಮೋಕಲಾವಾಸ್ ಬಳಿಯ ಅರ್ನಾ ಝರ್ನಾ. ಇದು ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಅವರ ಕನಸು. 1929ರಲ್ಲಿ ಹುಟ್ಟಿದ ಕೊಠಾರಿ, ಕತೆಗಾರ ವಿಜಯದಾನ್ ದೇಥಾ ಜೊತೆ ಸೇರಿ ಬೋರುಂದಾ ಗ್ರಾಮದಲ್ಲಿ ರೂಪಾಯನ್ ಸಂಸ್ಥಾನ್ ಕಟ್ಟಿದವರು. ಲಂಗಾ, ಮಾಂಗಣಿಯಾರ್ ಗಾಯಕರನ್ನು ಹೊರಜಗತ್ತಿಗೆ ಪರಿಚಯಿಸಿದವರು. ರಾಜಸ್ಥಾನವನ್ನು ಅವರು ಸಂಸ್ಥಾನಗಳ ಗಡಿಯಿಂದ ಅಳೆಯಲಿಲ್ಲ. ಸಜ್ಜೆ ತಿನ್ನುವ ಪ್ರದೇಶ, ಜೋಳದ ಪ್ರದೇಶ, ಮೆಕ್ಕೆಜೋಳದ ಪ್ರದೇಶ ಎಂದು ಊಟದ ತಟ್ಟೆಯಿಂದ ಅಳೆದರು. ಅವರು ತೀರಿಕೊಂಡದ್ದು 2004ರಲ್ಲಿ.

ಆ ಮ್ಯೂಸಿಯಮ್ಮಿನ ಮುಖ್ಯ ಸಂಗ್ರಹ ಯಾವುದು ಗೊತ್ತೇ? ಪೊರಕೆ! ಮನೆಯೊಳಗೆ ಗುಡಿಸುವುದು ಬೇರೆ, ಅಂಗಳಕ್ಕೆ ಬೇರೆ. ಹುಲ್ಲಿನದ್ದು, ಬಿದಿರಿನದ್ದು, ಖರ್ಜೂರ ಜಾತಿಯ ಗರಿಯದ್ದು ಎಂದು ಹಲವು ಬಗೆ. ಪೊರಕೆ ನೋಡಿದರೆ ಆ ಊರಿನಲ್ಲಿ ಏನು ಬೆಳೆಯುತ್ತದೆ ಎಂದು ತಿಳಿಯುತ್ತದೆ. ಅದನ್ನು ಕಟ್ಟುವವರು ಯಾವ ಸಮುದಾಯ, ಕೈಗೆ ಸಿಗುವ ಕಾಸೆಷ್ಟು ಎಂದು ಕೇಳಿದರೆ ಜಾತಿಯ ಚರಿತ್ರೆಯೂ ಹೊರಬರುತ್ತದೆ. ಪೊರಕೆಯನ್ನು ಲಕ್ಷ್ಮಿ ಎನ್ನುವ ಸಮಾಜವೇ ಅದನ್ನು ಕಟ್ಟುವವರನ್ನು ಊರ ಅಂಚಿನಲ್ಲಿ ಇಟ್ಟಿದೆ. ಮುಸ್ಸಂಜೆಯಲ್ಲಿ ಗುಡಿಸಬಾರದು, ಹಿಡಿಸೂಡಿ ತುಳಿಯಬಾರದು ಎಂದು ಕೇಳಿ ಬೆಳೆದ ನಮಗೆ ಇದು ದೂರದ ಸಂಗತಿಯಲ್ಲ.

ಹಾಗಾದರೆ ನಮ್ಮಲ್ಲಿ? ಫಳ್ನೀರಿನಿಂದ ಹೆಚ್ಚು ದೂರವಿಲ್ಲದ ಸಂತ ಅಲೋಶಿಯಸ್ ಕಾಲೇಜಿನಲ್ಲಿ 1913ರಲ್ಲಿ ಶುರುವಾದ ಮ್ಯೂಸಿಯಂ ಇದೆ. ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ಮ್ಯೂಸಿಯಂ ಇದೆ. ಕರ್ನಲ್ ಮಿರಾಜ್ಕರ್ ತಮ್ಮ ತಾಯಿಯ ನೆನಪಿಗೆ ಬಿಟ್ಟುಕೊಟ್ಟ, ಹಡಗಿನಾಕಾರದ ಮನೆ ಅದು. ಕೊಠಾರಿಯವರ ದಾರಿಗೆ ಹೆಚ್ಚು ಹತ್ತಿರವಾದದ್ದು ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ. ಜನ ದಿನವೂ ಮುಟ್ಟಿ ಬಳಸಿದ ವಸ್ತುಗಳೇ ಅಲ್ಲಿನ ಬಂಡವಾಳ.

ಇನ್ನು ಹಂಚಿನ ವಿಷಯ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಮಂಗಳೂರು ಹಂಚು ಸಮುದ್ರ ದಾಟಿತು. ಪತ್ರಕರ್ತರಾದ ನಾವು ಪ್ರತಿ ಜುಲೈ 1ರಂದು 1843ರ ‘ಮಂಗಳೂರ ಸಮಾಚಾರ’ವನ್ನೂ, ಅದನ್ನು ಹೊರತಂದ ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗರನ್ನೂ ನೆನೆಯುತ್ತೇವೆ. ಮಿಷನ್ನಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿದ, ಗೂಡಿಗೆ ಬೆಂಕಿ ಹಾಕಿದ ಒಬ್ಬ ಕಾರ್ಮಿಕರ ಹೆಸರನ್ನಾದರೂ ಹೇಳಬಲ್ಲೆವೇ? ಹಂಚಿನ ಮೇಲೆ ಅಚ್ಚಾಗಿರುವುದು ಕಂಪನಿಯ ಹೆಸರು ಮಾತ್ರ.

ಫಳ್ನೀರಿನಲ್ಲಿ ಹಂಚಿನ ಮನೆಗಳ ಜಾಗಕ್ಕೆ ಅಪಾರ್ಟ್‌ಮೆಂಟುಗಳು ಬಂದಿವೆ, ಇನ್ನೂ ಬರುತ್ತಿವೆ. ಮನೆ ಉಳಿಸಿಕೊಳ್ಳಿ ಎನ್ನುವ ಹಕ್ಕು ನಮಗಿಲ್ಲ. ಆದರೆ ಕೆಡಹುವ ಮೊದಲು ನಾಲ್ಕು ಹಂಚು ತೆಗೆದಿಡಬಹುದು. ಅಚ್ಚಿನ ಫೋಟೋ ತೆಗೆಯಬಹುದು. ಹಂಚಿನ ಕಾರ್ಖಾನೆಯಲ್ಲಿ ದುಡಿದ ಅಜ್ಜ ಅಜ್ಜಿಯರು ನಿಮ್ಮ ಪರಿಚಯದಲ್ಲಿದ್ದರೆ ಒಂದು ಗಂಟೆ ಕುಳಿತು ಮಾತು ದಾಖಲಿಸಿಕೊಳ್ಳಬಹುದು. ಎಷ್ಟು ಗಂಟೆಗೆ ಕೆಲಸ ಶುರು, ಕೂಲಿ ಎಷ್ಟು, ಊಟಕ್ಕೆ ಏನು ಒಯ್ಯುತ್ತಿದ್ದರು ಎಂದು ಕೇಳಿ. ಕೊಠಾರಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಕಟ್ಟಡ, ಗಾಜಿನ ಪೆಟ್ಟಿಗೆ, ಟಿಕೆಟ್ ಕೌಂಟರ್ ಎಲ್ಲ ಆಮೇಲೆ ಬರಲಿ. ಹೇಳುವವರು ಇರುವಾಗಲೇ ಕೇಳಿಕೊಳ್ಳುವ ಕೆಲಸವನ್ನು ಮಾತ್ರ ಮುಂದೂಡುವಂತಿಲ್ಲ.