ಜೋಳಿಗೆಯೂ ಸತ್ಸಂಗವೂ: ಠಾಣೆ ಸೀಮೆಯ ಕನ್ನಡಿಗರು ಮತ್ತು ವ್ಯಸನಮುಕ್ತಿಯ ಧರ್ಮಮಾರ್ಗಗಳು

ಮುಂಬಯಿ ಪ್ರಾಂತದ ಪಾನನಿರೋಧದ ಚರಿತ್ರೆಯೆಂದರೆ ಬಹುಮಟ್ಟಿಗೆ ಶಾಸನದ ಚರಿತ್ರೆಯೇ. 1939ರ ಆಗಸ್ಟ್ 1ರಂದು ಕಾಂಗ್ರೆಸ್ ಮಂತ್ರಿಮಂಡಲವು ಮುಂಬಯಿ ನಗರದಲ್ಲಿ ಅದನ್ನು ಜಾರಿಗೆ ತಂದುದು, 1949ರ ಕಾಯಿದೆ, 1950ರ ಏಪ್ರಿಲಿನಿಂದ ಸಂಪೂರ್ಣ ನಿಷೇಧ, ಅರವತ್ತರ ದಶಕದಲ್ಲಿ ಆದ ಸಡಿಲಿಕೆ – ಇವೆಲ್ಲ ಸರಕಾರಿ ಕಾಗದಗಳಲ್ಲಿ ದೊರೆಯುವ ಸಂಗತಿಗಳು. ಆದರೆ ಶಾಸನವು ಅಂಗಡಿಯ ಬಾಗಿಲನ್ನು ಮುಚ್ಚಿಸಬಲ್ಲುದಲ್ಲದೆ, ಬಿಡಬೇಕೆಂದು ಹಂಬಲಿಸಿಯೂ ಬಿಡಲಾರದವನ ಕೈ ಹಿಡಿಯಲಾರದು. ಆ ಕೈ ಹಿಡಿದವರ ಕಥೆಯನ್ನು ಧರ್ಮಸಂಸ್ಥೆಗಳಲ್ಲಿ ಅರಸಬೇಕು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿದ ನಮಗೆ ಈ ಕಥೆ ಪರಕೀಯವಲ್ಲ.

ಬಡಗಣ ಕರ್ನಾಟಕದಿಂದ ಬಂದವರ ಬೆನ್ನಿಗೆ ಶರಣ ಪರಂಪರೆಯಿದೆ. ಹೆಂಡ ಮಾರುವ ಕಾಯಕದವನಾದ ಹೆಂಡದ ಮಾರಯ್ಯನನ್ನೂ ಹನ್ನೆರಡನೆಯ ಶತಮಾನದ ಶರಣಗಣವು ತನ್ನವನೆಂದು ಎಣಿಸಿತು. ಈ ಪರಂಪರೆಗೆ ಸೇರಿದ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು (1930–2018) 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿದರು. ಜಂಗಮನ ಜೋಳಿಗೆಗೆ ಧಾನ್ಯ ನೀಡುವುದು ವಾಡಿಕೆ. ಇವರು ಬೇಡಿದುದು ದುಶ್ಚಟಗಳನ್ನು. ಊರೂರು, ಓಣಿ ಓಣಿ ಸುತ್ತಿ ಮನೆಯ ಮುಂದೆ ನಿಂತು, ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದರು. ಈ ಉಪಾಯದ ಸೂಕ್ಷ್ಮವು ಗಮನಾರ್ಹವಾದುದು. ಕುಡುಕನನ್ನು ಅಪರಾಧಿಯೆಂದು ಕರೆಯದೆ ದಾನಿಯ ಸ್ಥಾನದಲ್ಲಿ ನಿಲ್ಲಿಸಲಾಯಿತು. ಕೊಟ್ಟುದನ್ನು ಮರಳಿ ಕೇಳುವಂತಿಲ್ಲವೆಂಬ ದಾನಧರ್ಮದ ಕಟ್ಟೇ ಇಲ್ಲಿ ಪ್ರತಿಜ್ಞೆಯ ಕಾವಲಾಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಗೊತ್ತುಪಡಿಸಿದೆ. ಮುಂಬಯಿಯ ಪಾನನಿರೋಧವು ಆರಂಭವಾದುದೂ ಅದೇ ತಿಥಿಯಂದು ಎಂಬುದು ಆಕಸ್ಮಿಕವೇ ಸರಿ.

ಕರಾವಳಿಯವರ ಸಂಗತಿ ಬೇರೆ. ಕಳ್ಳು ಇಳಿಸುವುದೇ ಕುಲವೃತ್ತಿಯಾಗಿದ್ದ ಬಿಲ್ಲವರಿಗೆ, ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣಗುರುಗಳು ಗುರುವಾದರು. ಮದ್ಯವನ್ನು ಕುಡಿಯಲೂ ಬಾರದು, ಕೊಡಲೂ ಬಾರದು, ತಯಾರಿಸಲೂ ಬಾರದು ಎಂಬುದು ಅವರ ಉಪದೇಶ. ಹೊಟ್ಟೆಪಾಡನ್ನೇ ಪ್ರಶ್ನಿಸುವ ಉಪದೇಶವಿದು, ಸುಲಭದ್ದಲ್ಲ.

ನಾವು ಬಂದು ಸೇರಿದ ನಾಡಿನಲ್ಲಿಯೂ ಇಂತಹ ವ್ರತವಿತ್ತು. ಪಂಢರಪುರದ ವಾರಕರಿಯು ತುಳಸೀಮಾಲೆ ಧರಿಸಿದನೆಂದರೆ ಮದ್ಯಮಾಂಸಗಳನ್ನು ತೊರೆದನೆಂದೇ ಅರ್ಥ. ಗಾಡಗೇ ಮಹಾರಾಜರು (1876–1956) ಕೀರ್ತನೆಗಳಲ್ಲಿ ಕುಡಿತವನ್ನು ಕಟುವಾಗಿ ಖಂಡಿಸುತ್ತಿದ್ದರು. ವಿಠ್ಠಲನನ್ನು ಕಾನಡಾ ಎಂದೇ ಕರೆದ ಸಂತರ ನಾಡಿನಲ್ಲಿ ಮಾಲೆ ಧರಿಸಲು ಕನ್ನಡಿಗನಿಗೆ ಸಂಕೋಚವೇಕೆ?

ಆದರೆ ಜೋಳಿಗೆಯೂ ಮಾಲೆಯೂ ಊರನ್ನು ನಂಬಿ ನಿಂತವು. ಪ್ರತಿಜ್ಞೆಗೈದವನನ್ನು ಓಣಿಯವರು ಬಲ್ಲರು. ಮುರಿದರೆ ಮರುದಿನವೇ ಮಠಕ್ಕೆ ಸುದ್ದಿ ಮುಟ್ಟುವುದು. ಕಲ್ಯಾಣದಿಂದ ಬೆಳಗಿನ ಲೋಕಲ್ ಹಿಡಿದು ರಾತ್ರಿ ಮರಳುವವನನ್ನು ಬಲ್ಲವರು ಯಾರು? ಈ ಕೊರತೆಯನ್ನು ನೀಗಿದುದು ಬೇರೊಂದು ಧರ್ಮಮೂಲದ ಕ್ರಮ. ಅಮೆರಿಕದ ಆಕ್ರನ್ ಪಟ್ಟಣದಲ್ಲಿ 1935ರಲ್ಲಿ ಹುಟ್ಟಿ, 1957ರಲ್ಲಿ ಭಾರತಕ್ಕೆ ಬಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದಲ್ಲಿ ಗುರುವಿಲ್ಲ, ಮಠವಿಲ್ಲ, ಶುಲ್ಕವಿಲ್ಲ. ಕುಡಿತ ಬಿಟ್ಟವನು ಬಿಡಬಯಸುವವನಿಗೆ ತನ್ನ ಕಥೆ ಹೇಳುತ್ತಾನೆ. ಇಂದು ಒಂದು ದಿನ ಕುಡಿಯದಿದ್ದರೆ ಸಾಕು ಎನ್ನುತ್ತಾನೆ. ತನಗಿಂತ ಮಿಗಿಲಾದ ಶಕ್ತಿಯನ್ನು ಅವರವರು ತಿಳಿದಂತೆ ನಂಬಬಹುದು. ಇಷ್ಟದೈವದ ಕಲ್ಪನೆಯಲ್ಲಿ ಬೆಳೆದ ನಮಗೆ ಇದು ಹೊಸದೆನಿಸದು. ಹೆಸರು ಮರೆಮಾಚುವ ಅದರ ನಿಯಮ, ಊರಿಲ್ಲದ ನಗರಕ್ಕೆ ಹೇಳಿ ಮಾಡಿಸಿದಂತಿದೆ.

ಈ ಹನ್ನೆರಡು ಮೆಟ್ಟಿಲುಗಳಿಗೆ ಯೋಗವನ್ನು ಬೆಸೆದವರು ಕ್ರೈಸ್ತ ಪಾದ್ರಿ ಜೋಸೆಫ್ ಪಿರೇರಾ. 1981ರಲ್ಲಿ ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನ ಆಶ್ರಯದಲ್ಲಿ ಅವರು ಕೃಪಾ ಫೌಂಡೇಶನ್ ಸಂಸ್ಥೆಯನ್ನು ಆರಂಭಿಸಿದರು. 2014ರವರೆಗೆ ಠಾಣೆ ಜಿಲ್ಲೆಗೆ ಸೇರಿದ್ದ ವಸಯಿಯಲ್ಲಿಯೂ ಅದರ ಕೇಂದ್ರ ನೆಲೆಗೊಂಡಿತು. ಅವರ ಯೋಗಗುರುಗಳಾದ ಬಿ.ಕೆ.ಎಸ್. ಅಯ್ಯಂಗಾರ್ಯರು (1918–2014) ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದವರು, ನಮ್ಮಂತೆಯೇ ವಲಸಿಗರು. ಕನ್ನಡನಾಡಿನ ಶ್ರೀವೈಷ್ಣವನೊಬ್ಬನ ಆಸನಗಳು ಚರ್ಚಿನ ಅಂಗಳದಲ್ಲಿ ಕುಡುಕನ ನಡುಗುವ ದೇಹವನ್ನು ನೆಟ್ಟಗೆ ನಿಲ್ಲಿಸಿದ ಈ ಪ್ರಸಂಗವನ್ನು ನಮ್ಮ ಹೊರನಾಡ ಚರಿತ್ರೆಯಲ್ಲಿ ದಾಖಲಿಸದಿರುವುದು ಲೋಪವೆಂದೇ ನನ್ನ ಮತ.

ಇನ್ನು ಮನೆಯವರ ವಿಷಯ. ಹಳೆಯ ವ್ರತಗಳೆಲ್ಲ ಕುಡಿಯುವವನನ್ನಷ್ಟೇ ಉದ್ದೇಶಿಸಿದವು. ಹೆಂಡತಿಯ ಪಾಲಿಗೆ ಉಳಿದುದು ಹರಕೆ. ಅವಳಿಗೂ ಒಂದು ಕೂಟ ಬೇಕೆಂದು ಅಮೆರಿಕದಲ್ಲಿ 1951ರಲ್ಲಿ ಅಲ್-ಅನಾನ್ ಹುಟ್ಟಿತು. ಕರ್ನಾಟಕದಲ್ಲಿ, 1982ರಲ್ಲಿ ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಕಾಲಕ್ರಮದಲ್ಲಿ ಮದ್ಯವರ್ಜನ ಶಿಬಿರಗಳಿಗೆ ಕೈಹಾಕಿತು. ಶಿಬಿರ ಮುಗಿಸಿದವರನ್ನು ‘ನವಜೀವನ ಸಮಿತಿ’ಗಳಲ್ಲಿ ಕೂಡಿಸಿ, ನೂರು ದಿನ ಕಳೆದ ಮೇಲೆ ಶತದಿನೋತ್ಸವ ನಡೆಸುವ ಪದ್ಧತಿ ಅಲ್ಲಿದೆ. ರಜೆ ಹಾಕಿ ಊರಿಗೆ ಹೋಗಿ ಶಿಬಿರ ಸೇರಿದ ಡೊಂಬಿವಲಿಯ ಕನ್ನಡಿಗನು ಮರಳಿ ಬರುವಾಗ ಪ್ರತಿಜ್ಞೆಯೊಂದೇ ಅವನ ಜೊತೆ ರೈಲು ಹತ್ತುವುದು. ಸಮಿತಿಯು ಊರಲ್ಲಿಯೇ ಉಳಿಯುವುದು. ನೂರರಲ್ಲಿ ಮಿಕ್ಕ ದಿನಗಳನ್ನು ಅವನು ಎಣಿಸಬೇಕಾದುದು ಇಲ್ಲಿ, ನಮ್ಮ ನಡುವೆ.